ಹತ್ತು ವರ್ಷದ ಒಪ್ಪಂದವಿದ್ದರೂ ಕೋಚ್ ಕೆಲಸ ಹೋಗುವುದು ಹೇಗೆ?

ಪ್ರಶ್ನೆ: ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಕೋಚ್‌ಗಳಿಗೆ ಏಳು ವರ್ಷ, ಹತ್ತು ವರ್ಷ ಎಂದು ಒಪ್ಪಂದ ಬರೆದುಕೊಡುತ್ತಾರೆ. ಆದರೂ ಮೂರನೆಯ, ನಾಲ್ಕನೆಯ ವರ್ಷಕ್ಕೇ ಮನೆಗೆ ಕಳಿಸುತ್ತಾರಲ್ಲ, ಅದು ಹೇಗೆ ಸಾಧ್ಯ? ಅಭಿಮಾನಿಗಳು ಕೂಗಾಡಿದರೆ ಸಾಕೇ?

ಕಾಲೇಜು ತಂಡಗಳ ರಾಷ್ಟ್ರೀಯ ಟೂರ್ನಿ ನಡೆಯುವ ಮಾರ್ಚ್ ತಿಂಗಳು ಬಂತೆಂದರೆ ಈ ಪ್ರಶ್ನೆ ತಪ್ಪದೆ ಬರುತ್ತದೆ. ಮಕ್ಕಳನ್ನು ಇಂಡಿಯಾನಾ, ಪರ್ಡ್ಯೂ ಮುಂತಾದ ಕಡೆ ಓದಲು ಕಳಿಸಿ, ಅವರ ಕಾಲೇಜಿನ ತಂಡವನ್ನು ತಮ್ಮದೇ ತಂಡ ಎಂದು ಹಚ್ಚಿಕೊಂಡ ತಂದೆ-ತಾಯಂದಿರು ಕೇಳುತ್ತಾರೆ. ಬೆಂಗಳೂರಿನಲ್ಲಿ ನಸುಕಿಗೆ ಎದ್ದು ಪಂದ್ಯ ನೋಡುವ ಹುಡುಗರೂ ಕೇಳುತ್ತಾರೆ. ಇದಕ್ಕೆ ನಾನು ಬಿಡಿಬಿಡಿಯಾಗಿ ಎಷ್ಟೋ ಸಲ ಉತ್ತರ ಕೊಟ್ಟಿದ್ದೇನೆ. ಈ ಬಾರಿ ಪೂರ್ತಿಯಾಗಿ ಬರೆಯುತ್ತೇನೆ, ಮುಂದೆ ಕೇಳಿದವರಿಗೆ ಇದನ್ನೇ ಓದಲು ಹೇಳುತ್ತೇನೆ.

ಚಿಕ್ಕ ಉತ್ತರ ಇಷ್ಟು: ಒಪ್ಪಂದದಲ್ಲಿ ಬರೆದಿರುವ ವರ್ಷಗಳು ಕೆಲಸದ ಅವಧಿಯನ್ನು ಹೇಳುವುದಿಲ್ಲ, ಆ ಕೋಚನ್ನು ತೆಗೆದುಹಾಕಲು ವಿಶ್ವವಿದ್ಯಾಲಯ ಎಷ್ಟು ಹಣ ತೆರಬೇಕು ಎಂಬುದನ್ನು ಹೇಳುತ್ತವೆ. ಆ ಹಣವನ್ನು ತೆರಲು ಯಾರಾದರೂ ಸಿದ್ಧರಿದ್ದರೆ ಕೆಲಸ ಹೋಗುತ್ತದೆ. ಸಿದ್ಧರಿಲ್ಲದಿದ್ದರೆ ಇನ್ನೊಂದು ವರ್ಷ ಉಳಿಯುತ್ತದೆ.

ಉದ್ದನೆಯ ಒಪ್ಪಂದವೆಂದರೆ ಭದ್ರವಾದ ಕೆಲಸ ಎಂಬ ನಂಬಿಕೆ ನಮ್ಮವರಲ್ಲಿ ಏಕೆ ಇಷ್ಟು ಆಳವಾಗಿ ಬೇರೂರಿದೆ ಎಂಬುದು ನನಗೆ ಅರ್ಥವಾಗುತ್ತದೆ. ನಾವು ಸರ್ಕಾರಿ ನೌಕರಿಯ ಲೆಕ್ಕದಲ್ಲಿ ಬೆಳೆದವರು. ಈ ಕೋಚ್‌ಗಳಲ್ಲಿ ಬಹಳಷ್ಟು ಜನ ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ದುಡಿಯುವವರು, ಕಾಗದದ ಮೇಲೆ ಸರ್ಕಾರಿ ನೌಕರರೇ. ಅಮೆರಿಕದ ಅನೇಕ ರಾಜ್ಯಗಳಲ್ಲಿ ಅತಿ ಹೆಚ್ಚು ಸಂಬಳ ಪಡೆಯುವ ಸರ್ಕಾರಿ ನೌಕರ ರಾಜ್ಯಪಾಲರಲ್ಲ, ಅಲ್ಲಿನ ವಿಶ್ವವಿದ್ಯಾಲಯದ ಫುಟ್‌ಬಾಲ್ ಅಥವಾ ಬ್ಯಾಸ್ಕೆಟ್‌ಬಾಲ್ ಕೋಚ್. ಸರ್ಕಾರಿ ಕೆಲಸ, ಹತ್ತು ವರ್ಷದ ಬರಹ, ಎರಡೂ ಸೇರಿದರೆ ಅದು ಖಾಯಂ ಎಂದು ನಮ್ಮ ಮನಸ್ಸು ತೀರ್ಮಾನಿಸಿಬಿಡುತ್ತದೆ. ಆ ತೀರ್ಮಾನ ತಪ್ಪು.

ಸರಿಯಾದ ಹೋಲಿಕೆ ನಮ್ಮ ಊರಿನಲ್ಲೇ ಇದೆ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಿಗೆ ಹೊಸದಾಗಿ ಸೇರುವ ಹುಡುಗರಿಂದ ಎರಡು ವರ್ಷದ ಬಾಂಡ್ ಬರೆಸಿಕೊಳ್ಳುವ ಪದ್ಧತಿ ಎಲ್ಲರಿಗೂ ಗೊತ್ತು. ಕಂಪನಿ ಎರಡು ವರ್ಷ ಕೆಲಸ ಕೊಟ್ಟೇ ಕೊಡುತ್ತದೆ ಎಂದು ಆ ಬಾಂಡ್ ಎಲ್ಲಿಯೂ ಹೇಳುವುದಿಲ್ಲ. ನಡುವೆ ಬಿಟ್ಟು ಹೋದರೆ ಇಷ್ಟು ಹಣ ಕಟ್ಟಬೇಕು ಎಂದಷ್ಟೇ ಹೇಳುತ್ತದೆ. ಕಾಲೇಜು ಕೋಚ್‌ನ ಒಪ್ಪಂದ ಎರಡೂ ಕಡೆಯಿಂದ ಬರೆದ ಇಂಥ ಬಾಂಡ್. ಕೋಚ್ ಬಿಟ್ಟು ಹೋದರೆ ಅವನು ಅಥವಾ ಅವನನ್ನು ಕರೆದುಕೊಂಡ ಹೊಸ ವಿಶ್ವವಿದ್ಯಾಲಯ ಹಣ ಕಟ್ಟಬೇಕು. ವಿಶ್ವವಿದ್ಯಾಲಯವೇ ಅವನನ್ನು ಕಳಿಸಿದರೆ ಅದು ಕಟ್ಟಬೇಕು. ಈ ಹಣವನ್ನೇ ಅಲ್ಲಿ ಬೈಔಟ್ ಎನ್ನುತ್ತಾರೆ.

ರಾಜ್ಯ ವಿಶ್ವವಿದ್ಯಾಲಯಗಳ ಇಂಥ ಒಪ್ಪಂದಗಳು ಸಾಮಾನ್ಯವಾಗಿ ಸಾರ್ವಜನಿಕ ದಾಖಲೆಗಳು, ಯಾರು ಬೇಕಾದರೂ ಓದಬಹುದು. ಓದುವವರಿಗೆ ನನ್ನ ಸಲಹೆ ಒಂದೇ. ವರ್ಷಗಳ ಸಂಖ್ಯೆ ಇರುವ ಮೊದಲ ಪುಟವನ್ನು ದಾಟಿ, ಕೊನೆಯ ಕಡೆ ಇರುವ ವಜಾ ಕಲಮುಗಳಿಗೆ ನೇರವಾಗಿ ಹೋಗಿ. ಅಲ್ಲಿ ಎರಡು ಬಗೆಯ ವಜಾ ಇರುತ್ತದೆ. ಕಾರಣಸಹಿತ ವಜಾ ಎಂದರೆ ಕೋಚ್ ನಿಯಮ ಮುರಿದಿದ್ದಾನೆ, ಅಪರಾಧ ಮಾಡಿದ್ದಾನೆ ಅಥವಾ ಕರ್ತವ್ಯಕ್ಕೆ ದ್ರೋಹ ಬಗೆದಿದ್ದಾನೆ ಎಂದು ತೋರಿಸಿ ತೆಗೆಯುವುದು. ಆಗ ಅವನಿಗೆ ಪರಿಹಾರವಿಲ್ಲ. ಕಾರಣರಹಿತ ವಜಾ ಎಂದರೆ ಬೇಡವೆನಿಸಿದ್ದಕ್ಕೆ ತೆಗೆಯುವುದು. ಆಗ ಉಳಿದ ವರ್ಷಗಳ ಸಂಬಳವನ್ನು, ಅಥವಾ ಮೊದಲೇ ಗೊತ್ತುಪಡಿಸಿದ ಅದರ ಭಾಗವನ್ನು ಕೊಡಬೇಕು. ಗಮನಿಸಬೇಕಾದ ಮಾತೆಂದರೆ, ಪಂದ್ಯ ಸೋಲುವುದು ಈ ಅರ್ಥದಲ್ಲಿ ‘ಕಾರಣ’ವೇ ಅಲ್ಲ. ಎಷ್ಟು ಸೋತರೂ ಕಾನೂನಿನ ಕಣ್ಣಿಗೆ ಅವನು ತಪ್ಪಿತಸ್ಥನಲ್ಲ, ಹಾಗಾಗಿಯೇ ಸೋತ ಕೋಚ್ ಮನೆಗೆ ಹೋಗುವಾಗ ಕೋಟಿಗಟ್ಟಲೆ ಹಣದೊಂದಿಗೆ ಹೋಗುತ್ತಾನೆ.

ಉದಾಹರಣೆಗೆ ಇಂಡಿಯಾನಾ ವಿಶ್ವವಿದ್ಯಾಲಯವನ್ನೇ ತೆಗೆದುಕೊಳ್ಳಿ. 2017ರಲ್ಲಿ ಆರ್ಚಿ ಮಿಲ್ಲರ್ ಅವರಿಗೆ ಏಳು ವರ್ಷದ ಒಪ್ಪಂದ ಕೊಟ್ಟರು. ನಾಲ್ಕು ಋತುಗಳಲ್ಲಿ 67 ಗೆಲುವು, 58 ಸೋಲು. ಒಮ್ಮೆಯೂ ತಂಡ ರಾಷ್ಟ್ರೀಯ ಟೂರ್ನಿಯಲ್ಲಿ ಆಡಲಿಲ್ಲ. 2021ರ ಮಾರ್ಚ್‌ನಲ್ಲಿ ಅವರನ್ನು ತೆಗೆದರು. ಅದಕ್ಕೆ ಬೇಕಾದ ಸುಮಾರು 1 ಕೋಟಿ ಡಾಲರ್ ಹಣವನ್ನು ಖಾಸಗಿ ದಾನಿಗಳು ಕೊಟ್ಟರು. ಲೂಯಿವಿಲ್‌ನಲ್ಲಿ ಕೆನ್ನಿ ಪೇನ್ ಮೊದಲ ಋತುವಿನಲ್ಲಿ 4 ಪಂದ್ಯ ಗೆದ್ದು 28 ಸೋತರು, ಎರಡನೆಯದರಲ್ಲಿ 8 ಗೆದ್ದು 24 ಸೋತರು. 2024ರಲ್ಲಿ ಅವರ ಕೆಲಸ ಎರಡೇ ವರ್ಷಕ್ಕೆ ಮುಗಿಯಿತು.

‘ಕಾರಣ’ ಇದೆ ಎಂದು ಹೇಳಿ ಹಣ ಉಳಿಸಲು ಹೊರಟವರ ಕಥೆಯೂ ಇದೆ. ಕನೆಕ್ಟಿಕಟ್ ವಿಶ್ವವಿದ್ಯಾಲಯಕ್ಕೆ 2014ರಲ್ಲಿ ರಾಷ್ಟ್ರೀಯ ಪ್ರಶಸ್ತಿ ತಂದುಕೊಟ್ಟ ಕೆವಿನ್ ಆಲಿ ಅವರನ್ನು, ಸತತ ಎರಡು ಕಳಪೆ ಋತುಗಳ ನಂತರ, 2018ರಲ್ಲಿ ನಿಯಮ ಉಲ್ಲಂಘನೆಯ ಕಾರಣ ಹೇಳಿ ತೆಗೆದರು. ವಿವಾದ ಮಧ್ಯಸ್ಥಗಾರರ ಮುಂದೆ ಹೋಯಿತು. 2022ರಲ್ಲಿ ವಿಶ್ವವಿದ್ಯಾಲಯ 1.1 ಕೋಟಿ ಡಾಲರ್‌ಗೂ ಹೆಚ್ಚು ಕೊಡಬೇಕೆಂದು ತೀರ್ಪಾಯಿತು. ಹಣ ಬಂತು ನಿಜ, ಕೆಲಸ ಮರಳಿ ಬರಲಿಲ್ಲ. ಆಲಿ ಅವರ ಪ್ರಕರಣ ಸರಿಯಾಗಿ ಅರ್ಥವಾದವರಿಗೆ ಮೇಲಿನ ಪ್ರಶ್ನೆ ಮತ್ತೆ ಏಳುವುದಿಲ್ಲ.

ಹಾಗಿದ್ದರೆ ಹತ್ತು ವರ್ಷ ಎಂದು ಬರೆಯುವುದೇಕೆ? ಹದಿನೇಳು ವರ್ಷದ ಆಟಗಾರನ ಮನೆಯ ನಡುಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ತಾಯಿ-ತಂದೆ ಕುಳಿತಿದ್ದಾರೆ, ಎದುರಾಳಿ ಕಾಲೇಜಿನ ಕೋಚ್ ಬಂದಿದ್ದಾನೆ. "ನೀವು ಮೆಚ್ಚಿಕೊಂಡ ಕೋಚ್‌ನ ಒಪ್ಪಂದ ಎರಡೇ ವರ್ಷ ಉಳಿದಿದೆ, ನಿಮ್ಮ ಮಗ ಮೂರನೆಯ ವರ್ಷಕ್ಕೆ ಬರುವಾಗ ಅವನು ಅಲ್ಲಿರುವುದಿಲ್ಲ" ಎಂದು ಅವನು ಹೇಳಿದರೆ ಆ ಮನೆಯವರು ಯೋಚನೆಗೆ ಬೀಳುತ್ತಾರೆ. ಆ ಮಾತಿಗೆ ಅವಕಾಶ ಕೊಡಬಾರದೆಂದು ವಿಶ್ವವಿದ್ಯಾಲಯಗಳು ಕೋಚ್‌ನ ಒಪ್ಪಂದದಲ್ಲಿ ಸದಾ ನಾಲ್ಕೈದು ವರ್ಷ ಉಳಿದಿರುವಂತೆ ವಿಸ್ತರಿಸುತ್ತಲೇ ಬರುತ್ತವೆ. ಈ ವಿಸ್ತರಣೆ ಬಹುಮಟ್ಟಿಗೆ ಹೊಸ ಆಟಗಾರರಿಗೆ ಕೊಡುವ ಸಂದೇಶ. ಅದನ್ನು ಕೋಚ್‌ನ ಮೇಲಿನ ನಂಬಿಕೆಯ ಪ್ರಮಾಣಪತ್ರವೆಂದು ಓದಿದರೆ ಮೋಸ ಹೋಗುತ್ತೀರಿ.

ಕೆಂಟಕಿಯ ಜಾನ್ ಕ್ಯಾಲಿಪಾರಿ ಅವರ ಪ್ರಕರಣವನ್ನು ಮುಂದಿಟ್ಟು ನನ್ನೊಡನೆ ವಾದಿಸುವವರಿದ್ದಾರೆ. 2012ರಲ್ಲಿ ಪ್ರಶಸ್ತಿ ಗೆದ್ದ ಅವರಿಗೆ 2019ರಲ್ಲಿ ಹತ್ತು ವರ್ಷದ ಒಪ್ಪಂದ ಸಿಕ್ಕಿತು, ಪತ್ರಿಕೆಗಳು ಅದನ್ನು ಆಜೀವ ಒಪ್ಪಂದವೆಂದೇ ಕರೆದವು. 2022ರ ಟೂರ್ನಿಯಲ್ಲಿ 15ನೇ ಶ್ರೇಯಾಂಕದ, ಅಂದರೆ ಹದಿನಾರು ತಂಡಗಳ ವಿಭಾಗದಲ್ಲಿ ಕೆಳಗಿನಿಂದ ಎರಡನೆಯದಾದ, ಸೇಂಟ್ ಪೀಟರ್ಸ್ ಎದುರು ಮೊದಲ ಸುತ್ತಿನಲ್ಲೇ ಸೋಲು. 2024ರ ಮಾರ್ಚ್‌ನಲ್ಲಿ 14ನೇ ಶ್ರೇಯಾಂಕದ ಓಕ್ಲಂಡ್ ಎದುರು 80-76ರ ಸೋಲು. ಆ ಪಂದ್ಯದಲ್ಲಿ ಜ್ಯಾಕ್ ಗೋಲ್ಕಿ ಎಂಬ ಆಟಗಾರ ಒಬ್ಬನೇ ಹತ್ತು ಸಲ ಮೂರು ಅಂಕದ ಗೆರೆಯ ಹೊರಗಿನಿಂದ ಚೆಂಡನ್ನು ಬುಟ್ಟಿಗೆ ಹಾಕಿದ. ಅಂದು ಕ್ಯಾಲಿಪಾರಿ ಅವರನ್ನು ತೆಗೆಯಬೇಕೆಂದಿದ್ದರೆ ವಿಶ್ವವಿದ್ಯಾಲಯ 3.3 ಕೋಟಿ ಡಾಲರ್‌ಗೂ ಹೆಚ್ಚು ತೆರಬೇಕಿತ್ತು. ತೆಗೆಯಲಿಲ್ಲ. ನೋಡಿ, ಒಪ್ಪಂದ ಕಾಪಾಡಿತಲ್ಲ ಎನ್ನುತ್ತಾರೆ ವಾದಿಸುವವರು. ಕಾಪಾಡಿದ್ದು ಆ ಮೊತ್ತ, ಅದರಲ್ಲಿ ಬರೆದ ವರ್ಷಗಳಲ್ಲ. ಮತ್ತು ಕೆಲವೇ ದಿನಗಳಲ್ಲಿ ಅವರಾಗಿಯೇ ಕೆಂಟಕಿಯನ್ನು ಬಿಟ್ಟು ಅರ್ಕನ್ಸಾಗೆ ಹೊರಟುಹೋದರು. ಆಜೀವ ಎನಿಸಿಕೊಂಡ ಒಪ್ಪಂದ ಐದು ವರ್ಷಕ್ಕೆ ಮುಗಿಯಿತು.

ಇನ್ನು ಅಭಿಮಾನಿಗಳ ಮಾತು. ಅವರ ನಿರೀಕ್ಷೆ ಎಲ್ಲ ಕಡೆ ಒಂದೇ ಅಲ್ಲ, ಇದನ್ನು ಮರೆತರೆ ಯಾವ ವಜಾವೂ ಅರ್ಥವಾಗುವುದಿಲ್ಲ. 1939ರ ಮೊದಲ ರಾಷ್ಟ್ರೀಯ ಫೈನಲ್ ನಡೆದದ್ದು ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಅಂಗಳದಲ್ಲಿ. ಆದರೆ ಆ ವಿಶ್ವವಿದ್ಯಾಲಯದ ತಂಡ ಟೂರ್ನಿಗೆ ಮೊದಲ ಬಾರಿ ಪ್ರವೇಶ ಪಡೆದದ್ದು 2017ರಲ್ಲಿ, ಕ್ರಿಸ್ ಕಾಲಿನ್ಸ್ ಕೋಚ್ ಆಗಿದ್ದಾಗ. ಅದಾದ ಮೇಲೆ ಸತತ ಐದು ಋತುಗಳಲ್ಲಿ ತಂಡ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಆದರೂ ಕಾಲಿನ್ಸ್ ಉಳಿದರು, 2023 ಮತ್ತು 2024ರಲ್ಲಿ ಮತ್ತೆ ಟೂರ್ನಿಗೆ ತಂಡವನ್ನು ಕೊಂಡೊಯ್ದರು. ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯದಲ್ಲಿ ಇದು ಸಾಧ್ಯವೇ ಇಲ್ಲ. ಅಲ್ಲಿ ಜಾನ್ ವುಡನ್ 1964ರಿಂದ 1975ರ ನಡುವೆ ಹತ್ತು ಪ್ರಶಸ್ತಿ ಗೆದ್ದುಕೊಟ್ಟಿದ್ದಾರೆ, ನಂತರ ಬಂದವರೆಲ್ಲರನ್ನೂ ಆ ಅಳತೆಗೋಲಿನಿಂದಲೇ ಅಳೆದಿದ್ದಾರೆ. ವುಡನ್ ಅವರಿಗೂ ಮೊದಲ ಪ್ರಶಸ್ತಿ ಸಿಕ್ಕಿದ್ದು ಹದಿನಾರನೆಯ ಋತುವಿನಲ್ಲಿ ಎಂಬುದನ್ನು ಮಾತ್ರ ಆ ಅಳತೆ ಹಿಡಿದವರು ನೆನೆಯುವುದಿಲ್ಲ.

2013ರ ಮಾರ್ಚ್‌ನ ಒಂದು ಪಂದ್ಯ ನನಗೆ ಮತ್ತೆ ಮತ್ತೆ ನೆನಪಾಗುತ್ತದೆ. ಒಂದು ಕಡೆ ಯುಸಿಎಲ್‌ಎಯ ಬೆನ್ ಹೌಲಂಡ್: 2006ರಿಂದ 2008ರವರೆಗೆ ಸತತ ಮೂರು ಸಲ ಸೆಮಿಫೈನಲ್ ಮುಟ್ಟಿಸಿದವರು, ಆ ವರ್ಷವೂ ತಮ್ಮ ಲೀಗ್‌ನಲ್ಲಿ ಮೊದಲ ಸ್ಥಾನ ಪಡೆದಿದ್ದವರು. ಇನ್ನೊಂದು ಕಡೆ ಮಿನ್ನೆಸೋಟಾದ ಟಬ್ಬಿ ಸ್ಮಿತ್: 1998ರಲ್ಲಿ ಕೆಂಟಕಿಗೆ ಪ್ರಶಸ್ತಿ ತಂದವರು. ಮಿನ್ನೆಸೋಟಾ 83-63ರಿಂದ ಗೆದ್ದಿತು. ಮುಂದಿನ ಮೂರು ದಿನಗಳೊಳಗೆ ಹೌಲಂಡ್ ಕೆಲಸವೂ ಹೋಯಿತು, ಸ್ಮಿತ್ ಕೆಲಸವೂ ಹೋಯಿತು. ಒಂದು ಸೋಲಿನಿಂದ ಕೋಚ್‌ನ ಕೆಲಸ ಹೋಗುತ್ತದೆ ಎನ್ನುವವರು ಈ ಪಂದ್ಯದಲ್ಲಿ ಗೆದ್ದವರ ಕೆಲಸ ಹೋದದ್ದೇಕೆ ಎಂದು ಯೋಚಿಸಬೇಕು. ತೀರ್ಮಾನ ಎಷ್ಟೋ ತಿಂಗಳ ಮೊದಲೇ ಮಾಗಿರುತ್ತದೆ, ಮಾರ್ಚ್ ಅದಕ್ಕೆ ದಿನಾಂಕವನ್ನು ಮಾತ್ರ ಕೊಡುತ್ತದೆ.

ಕೂಗಾಟದಿಂದಲೇ ಕೋಚ್ ಹೋಗುವಂತಿದ್ದರೆ ನಾರ್ತ್ ಕೆರೊಲಿನಾದಲ್ಲಿ ಡೀನ್ ಸ್ಮಿತ್ ಉಳಿಯುತ್ತಿರಲಿಲ್ಲ. 1965ರ ಜನವರಿಯಲ್ಲಿ ವೇಕ್ ಫಾರೆಸ್ಟ್ ಎದುರು ಸೋತು ತಂಡದ ಬಸ್ಸು ವಿಶ್ವವಿದ್ಯಾಲಯಕ್ಕೆ ಮರಳಿದಾಗ, ಅಲ್ಲಿ ಅವರ ಪ್ರತಿಕೃತಿಯನ್ನು ನೇಣು ಹಾಕಿ ತೂಗುಬಿಟ್ಟಿದ್ದರು. ಬಿಲ್ಲಿ ಕನಿಂಗ್‌ಹ್ಯಾಮ್ ಎಂಬ ಆಟಗಾರ ಬಸ್ಸಿನಿಂದ ಇಳಿದು ಅದನ್ನು ಕಿತ್ತು ಕೆಡವಿದ. ಸ್ಮಿತ್ 1997ರವರೆಗೆ ಅಲ್ಲಿಯೇ ಇದ್ದು 879 ಪಂದ್ಯ ಗೆದ್ದರು. ಡ್ಯೂಕ್‌ನ ಮೈಕ್ ಶಶೆವ್‌ಸ್ಕಿ ಅವರದ್ದೂ ಇದೇ ಬಗೆಯ ಕಥೆ: ಮೊದಲ ಮೂರು ಋತುಗಳಲ್ಲಿ 38 ಗೆಲುವು, 47 ಸೋಲು, 1983ರಲ್ಲಿ ವರ್ಜೀನಿಯಾ ಎದುರು 109-66ರ ಸೋಲು. ಹಣ ಕೊಡುವ ಹಳೆಯ ವಿದ್ಯಾರ್ಥಿಗಳೇ ಅವರನ್ನು ತೆಗೆಯಬೇಕೆಂದು ಹಟ ಹಿಡಿದಿದ್ದರು. ಕ್ರೀಡಾ ನಿರ್ದೇಶಕ ಟಾಮ್ ಬಟರ್ಸ್ 1984ರ ಜನವರಿಯಲ್ಲಿ ಒಪ್ಪಂದವನ್ನು ವಿಸ್ತರಿಸಿ ಅವರಿಗೆಲ್ಲ ಉತ್ತರ ಕೊಟ್ಟರು. ಅಲ್ಲಿಂದ ಮುಂದೆ ಬಂದದ್ದು ಐದು ರಾಷ್ಟ್ರೀಯ ಪ್ರಶಸ್ತಿ. ಬಟರ್ಸ್ ಅವರಂಥ ಒಬ್ಬ ನಿರ್ದೇಶಕ ಒಂದು ವಿಶ್ವವಿದ್ಯಾಲಯದ ಪುಣ್ಯ ಎಂದು ನಾನು ಮನಸಾರೆ ನಂಬಿದ್ದೇನೆ.

ಅಭಿಮಾನಿಗಳಿಗೆ ಬಲವಿಲ್ಲವೆಂದು ಇದರ ಅರ್ಥವಲ್ಲ. ಅವರ ಬಲ ಇರುವುದು ಖಾಲಿ ಕುರ್ಚಿಯಲ್ಲಿ. ಕೂಗುವವನು ಇನ್ನೂ ಟಿಕೆಟ್ ಕೊಳ್ಳುತ್ತಿದ್ದಾನೆ, ಅವನಿಂದ ನಿರ್ದೇಶಕನಿಗೆ ಭಯವಿಲ್ಲ. ವಾರ್ಷಿಕ ಟಿಕೆಟನ್ನು ನವೀಕರಿಸದೆ ಸುಮ್ಮನಾದವನಿಂದ ಭಯವಿದೆ. ಈಗಂತೂ ಲೆಕ್ಕ ಇನ್ನಷ್ಟು ಬಿಗಿಯಾಗಿದೆ. 2021ರಿಂದ ಆಟಗಾರರು ತಮ್ಮ ಹೆಸರಿನಿಂದ ಹಣ ಗಳಿಸಬಹುದು, ಒಂದು ವರ್ಷ ಹೊರಗೆ ಕೂರದೆ ಕಾಲೇಜು ಬದಲಿಸಬಹುದು; 2025ರಿಂದ ವಿಶ್ವವಿದ್ಯಾಲಯಗಳೇ ಅವರಿಗೆ ನೇರವಾಗಿ ಹಣ ಕೊಡಬಹುದು. ಹಳೆಯ ಕೋಚನ್ನು ಕಳಿಸಲು ಹಣ ಕೇಳುವುದೂ, ಹೊಸ ಆಟಗಾರರನ್ನು ಕರೆತರಲು ಹಣ ಕೇಳುವುದೂ ಅನೇಕ ಕಡೆ ಅದೇ ದಾನಿಗಳ ಬಾಗಿಲಲ್ಲಿ. ಜೊತೆಗೆ, ತಂಡ ಕಟ್ಟಲು ನಾಲ್ಕು ವರ್ಷ ಕೊಡಿ ಎಂಬ ಹಳೆಯ ವಿನಂತಿಗೆ ಬೆಲೆ ಕಡಿಮೆಯಾಗಿದೆ. ಒಂದೇ ಬೇಸಿಗೆಯಲ್ಲಿ ಇಡೀ ತಂಡವನ್ನು ಬದಲಿಸಿದವರನ್ನು ಅಭಿಮಾನಿಗಳು ಕಣ್ಣಾರೆ ಕಂಡಿದ್ದಾರೆ.

ಯಾರೂ ಕೇಳದಿದ್ದರೂ ಒಂದು ಮಾತು ಸೇರಿಸಲೇಬೇಕು: ಸಹಾಯಕ ಕೋಚ್‌ಗಳ ಗತಿ ಏನು? ಮುಖ್ಯ ಕೋಚ್‌ಗೆ ಬೈಔಟ್ ಇದೆ, ವಕೀಲನಿದ್ದಾನೆ, ಏಜೆಂಟ್ ಇದ್ದಾನೆ. ಸಹಾಯಕನ ಒಪ್ಪಂದ ಸಾಮಾನ್ಯವಾಗಿ ಒಂದೆರಡು ವರ್ಷದ್ದು. ಹೊಸ ಮುಖ್ಯ ಕೋಚ್ ತನ್ನ ಜನರನ್ನು ಕರೆತರುತ್ತಾನೆ, ಹಳಬರು ಶಾಲೆಗೆ ಹೋಗುವ ಮಕ್ಕಳನ್ನು ಕಟ್ಟಿಕೊಂಡು ಬೇರೆ ರಾಜ್ಯಕ್ಕೆ ಮನೆ ಸಾಗಿಸುತ್ತಾರೆ. ಹದಿನೇಳರ ಹುಡುಗನ ಮನೆಗೆ ಹತ್ತು ಸಲ ಹೋಗಿ ಬಂದವರು, ಪಂದ್ಯ ಮುಗಿದ ರಾತ್ರಿಯೇ ಮುಂದಿನ ಎದುರಾಳಿಯ ಆಟವನ್ನು ಬಿಡಿಸಿ ನೋಡಿದವರು ಬಹುಪಾಲು ಇವರೇ. ಇವರ ಭದ್ರತೆ ಇನ್ನೊಬ್ಬನ ಭದ್ರತೆಗೆ ಕಟ್ಟಿಬಿದ್ದಿದೆ. ಮೇಲೆ ಹೇಳಿದ ಕ್ರಿಸ್ ಕಾಲಿನ್ಸ್ ನಾರ್ತ್‌ವೆಸ್ಟರ್ನ್‌ಗೆ ಬರುವ ಮೊದಲು 2000ದಿಂದ 2013ರವರೆಗೆ ಹದಿಮೂರು ವರ್ಷ ಒಂದೇ ಊರಿನಲ್ಲಿ, ಒಂದೇ ತಂಡದಲ್ಲಿ ಸಹಾಯಕರಾಗಿ ಕೆಲಸ ಕಲಿತರು. ಆ ತಂಡ ಡ್ಯೂಕ್. ಮುಖ್ಯ ಕೋಚ್, ಬಟರ್ಸ್ ಅಂದು ಉಳಿಸಿಕೊಂಡಿದ್ದ ಶಶೆವ್‌ಸ್ಕಿ.