ಲಘು-ಗುರು ಹಾಕೋಕೆ ಬರುತ್ತಾ? ಹಾಗಾದ್ರೆ ಕಂಪ್ಯೂಟರ್ ಸೈನ್ಸೂ ಬರುತ್ತೆ

ಬಿಎ ಮಕ್ಕಳಿಗೆ ಕಂಪ್ಯೂಟರ್ ಪಾಠ ಅಂದ್ರೆ ಸಾಕು, ಮೌಸು ಕೀಬೋರ್ಡು ಮಾನಿಟರ್ ಚಿತ್ರ ಬರೆಸಿ ಭಾಗ ಗುರುತಿಸಿ ಅಂತಾರೆ, ಆಮೇಲೆ ವರ್ಡು ಎಕ್ಸೆಲ್ಲು ತೋರಿಸಿ ಮುಗಿಸಿಬಿಡ್ತಾರೆ. ಅಡುಗೆ ಕಲಿಯೋಕೆ ಬಂದವರಿಗೆ ಪಾತ್ರೆಗಳ ಹೆಸರು ಬಾಯಿಪಾಠ ಮಾಡಿಸಿ ಕಳಿಸಿದ ಹಾಗೆ! ಆರ್ಟ್ಸ್‌ನವರಿಗೆ ಲಾಜಿಕ್ ಹತ್ತಲ್ಲ ಅನ್ನೋ ಮಾತು ಕೇಳಿದ್ರೆ ನನಗೆ ನಿಜಕ್ಕೂ ಸಂಕಟ ಆಗುತ್ತೆ, ಯಾಕಂದ್ರೆ ಪದ್ಯಕ್ಕೆ ಲಘು-ಗುರು ಹಾಕೋ ಹುಡುಗಿ ಆಗಲೇ ಬೈನರಿ, ಅಂದ್ರೆ ಎರಡೇ ಗುರುತಲ್ಲಿ ಎಲ್ಲಾ ಬರೆಯೋ ಕಂಪ್ಯೂಟರ್ ಲಿಪಿ, ಬರೀತಿದ್ದಾಳೆ.

ಮೂರಕ್ಷರದಲ್ಲಿ ಲಘು-ಗುರು 8 ಥರ ಬರುತ್ತೆ, ಪಟ್ಟಿ ಮಾಡಿದ್ರೆ ಕ್ರಮವಾಗಿ ಮ ಯ ರ ಸ ತ ಜ ಭ ನ ಗಣಗಳು. ಈಗ 6ನೇ ಸಾಲು ಅಳಿಸಿಹೋಯ್ತು ಅಂದ್ಕೊಳ್ಳಿ. ಸಂಸ್ಕೃತದ ಹಳೇ ಛಂದಸ್ಸಿನ ಪಂಡಿತ ಪಿಂಗಳನ ಛಂದಃಸೂತ್ರದಲ್ಲಿ ಅದನ್ನ ಮತ್ತೆ ಹುಡುಕೋಕೆ ‘ನಷ್ಟ’ ಅಂತ ಉಪಾಯ ಇದೆ: ಸಂಖ್ಯೆ ಸಮ ಇದ್ರೆ ಅರ್ಧ ಮಾಡಿ ಲಘು ಬರೀರಿ, ಬೆಸ ಇದ್ರೆ 1 ಕೂಡಿಸಿ ಅರ್ಧ ಮಾಡಿ ಗುರು ಬರೀರಿ. 6 ಸಮ, ಲಘು, ಉಳಿದಿದ್ದು 3. ಅದು ಬೆಸ, ಗುರು, ಉಳಿದಿದ್ದು 2. ಸಮ, ಲಘು. ಲಘು-ಗುರು-ಲಘು, ಅಂದ್ರೆ ಜಗಣ, ಸರಿಯಾಗಿ 6ನೇದೇ!

ಉತ್ಪಲಮಾಲೆಯ ಒಂದು ಪಾದಕ್ಕೆ 20 ಅಕ್ಷರ, ಅಷ್ಟು ಅಕ್ಷರಕ್ಕೆ ಪಟ್ಟಿ ಮಾಡಿದ್ರೆ 10,48,576 ಸಾಲು. ಅದರಲ್ಲಿ ಯಾವ ಸಾಲು ಕೇಳಿದ್ರೂ 20 ಹೆಜ್ಜೆ ಸಾಕು. ಉದ್ದದ ಸೀರೇನ ಅರ್ಧಕ್ಕೆ ಮಡಚಿ ಮತ್ತೆ ಅರ್ಧಕ್ಕೆ ಮಡಚ್ತಾ ಹೋದ್ರೆ ನಾಕೈದು ಮಡಿಕೆಗೇ ಕೈಯಗಲ ಆಗುತ್ತಲ್ಲ, ಹಾಗೇ. ಅಥವಾ ಪ್ರತಿ ಕವಲಲ್ಲೂ ಎಡಕ್ಕೋ ಬಲಕ್ಕೋ ಅಂತ ಒಂದೇ ಮಾತು ಕೇಳ್ಕೊಂಡು ಊರು ಸೇರೋ ಹಾಗೆ. ಹೀಗೆ ಹೆಜ್ಜೆ ಹೆಜ್ಜೆಯಾಗಿ ಮಾಡೋ ಉಪಾಯಾನೇ ಅಲ್ಗಾರಿದಮ್ಮು, ಅದನ್ನೇ ಮತ್ತೆ ಮತ್ತೆ ಮಾಡೋದು ಲೂಪು, ಸಮ ಇದ್ರೆ ಹೀಗೆ ಬೆಸ ಇದ್ರೆ ಹಾಗೆ ಅನ್ನೋದು ಇಫ್-ಎಲ್ಸು. ಒಂದು ಪೆನ್ನು ಹಾಳೆ ಸಾಕು.

ಇಷ್ಟು ಹೇಳಿದ ತಕ್ಷಣ ‘ನಮ್ಮ ಪೂರ್ವಜರ ಹತ್ರ ಕಂಪ್ಯೂಟರ್ ಇತ್ತು’ ಅಂತ ವಾಟ್ಸಾಪಲ್ಲಿ ಹರಿಬಿಡೋರು ಇದ್ದಾರೆ, ದಯವಿಟ್ಟು ಬೇಡ. ಪಿಂಗಳ ಹಾಕಿದ್ದು ಛಂದಸ್ಸಿನ ಲೆಕ್ಕ, ಅದೇ ಎಷ್ಟು ದೊಡ್ಡದು ಅಂತ ಸಂತೋಷಪಡೋಣ. ಸ್ವಿಚ್ಚು-ರಿಲೇಗಳ (ರಿಲೇ ಅಂದ್ರೆ ಕರೆಂಟಿಂದ ನಡೆಯೋ ಸ್ವಿಚ್ಚು) ಸರ್ಕ್ಯೂಟಿಗೂ ಬೂಲಿಯನ್ ಬೀಜಗಣಿತಕ್ಕೂ, ಅಂದ್ರೆ ಹೌದು-ಇಲ್ಲಗಳ ಲೆಕ್ಕಕ್ಕೂ, ಗಂಟು ಹಾಕಿ ಕಂಪ್ಯೂಟರಿಗೆ ದಾರಿ ತೋರಿಸಿದ್ದು ಅಮೆರಿಕದ ಗಣಿತಜ್ಞ ಕ್ಲಾಡ್ ಶಾನನ್, 1937ರ ತನ್ನ ಮಾಸ್ಟರ್ಸ್ ಥೀಸಿಸ್‌ನಲ್ಲಿ.

ಅಮೆರಿಕದ ಡಾರ್ಟ್‌ಮತ್ ಕಾಲೇಜಲ್ಲಿ ಹೆಚ್ಚಿನ ಹುಡುಗರು ಸೈನ್ಸ್ ಓದ್ತಿರಲಿಲ್ಲ. ಅವರೂ ಪ್ರೋಗ್ರಾಂ ಬರೀಬೇಕು ಅಂತಲೇ ಜಾನ್ ಕೆಮೆನಿ, ಥಾಮಸ್ ಕರ್ಟ್ಜ್ ಅನ್ನೋ ಇಬ್ಬರು ಗಣಿತದ ಮೇಷ್ಟ್ರು 1964ರಲ್ಲಿ ಬೇಸಿಕ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಕಟ್ಟಿದ್ರು. ಲೆಟ್, ಪ್ರಿಂಟ್, ಗೋಟು ಅಂತ ಆ ಹುಡುಗರ ದಿನದ ಮಾತನ್ನೇ ಅದರೊಳಗೆ ಇಟ್ರು. ನಮ್ಮ ಮಕ್ಕಳಿಗೆ ಗೊತ್ತಿರೋದು ಲಘು-ಗುರು, ಅಲ್ಲಿಂದಲೇ ಶುರು ಮಾಡೋಣ. ನಷ್ಟದ ಉಲ್ಟಾ, ಅಂದ್ರೆ ಸಾಲು ಕೊಟ್ಟು ಅದರ ನಂಬರ್ ಕೇಳೋದಕ್ಕೆ ‘ಉದ್ದಿಷ್ಟ’ ಅಂತಾರೆ. ಮುಂದಿನ ಕ್ಲಾಸಿಗೆ ಮೌಸಿನ ಚಿತ್ರದ ಬದಲು ಅದನ್ನ ಬಿಡಿಸ್ಕೊಂಡು ಬರೋಕೆ ಹೇಳಿ.