ಎಂಎಂಒ ಆಟಗಳಲ್ಲಿ ಹೊಸತನ ನಿಂತಿದೆಯೇ? ರೊಟ್ಟಿ ಲೆಕ್ಕ, ಮುಖದ ಲೆಕ್ಕ

ಸೆಮಿನಾರಿಗೆ ನಾನೇ ಕೇಳಿ ಪಡೆದ ವಿಷಯ ಇದು. ಎಂಎಂಒಆರ್‌ಪಿಜಿ, ಅಂದರೆ ಸಾವಿರಾರು ಜನ ಒಂದೇ ಲೋಕದಲ್ಲಿ ತಮ್ಮ ತಮ್ಮ ಪಾತ್ರ ಹಿಡಿದು ಆಡುವ ಆನ್‌ಲೈನ್ ಆಟಗಳಲ್ಲಿ ಹೊಸತು ಹುಟ್ಟುವುದು ನಿಂತುಹೋಗಿದೆಯೇ? ಮೊದಲ ಕರಡಿನಲ್ಲಿ "ನಿಂತಿದೆ, 2004ರ ನಂತರ ಬಂದದ್ದೆಲ್ಲ ವರ್ಲ್ಡ್ ಆಫ್ ವಾರ್‌ಕ್ರಾಫ್ಟಿನ ನಕಲು" ಎಂದು ಬರೆದುಕೊಂಡು ಹೋಗಿದ್ದೆ. ಮೇಡಂ ಓದಿ ಕೇಳಿದ್ದು ಒಂದೇ ಮಾತು: "ಹೊಸತನ ಅಂತ ಹತ್ತು ಸಲ ಬರದೀಯಲ್ಲ, ಯಾವುದರಾಗ?"

ಎರಡು ವಾರ ಅದೇ ಪ್ರಶ್ನೆ ತಲೆಯಲ್ಲಿ ಕೊರೆಯುತ್ತಿತ್ತು. ಉತ್ತರ ಸಿಕ್ಕಿದ್ದು ಮೊನ್ನೆ, ಅದೂ ಒಂದು ಲೆಕ್ಕದ ಮೂಲಕ. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಲೆವೆಲ್, ಕ್ವೆಸ್ಟ್, ಗಿಲ್ಡ್, ಲ್ಯಾಗ್ ಎಂದರೇನೆಂದು ಇಲ್ಲಿ ವಿವರಿಸಿಲ್ಲ, ಮೊಬೈಲಿನಲ್ಲಿ ಯಾವುದಾದರೂ ಆನ್‌ಲೈನ್ ಆಟ ಆಡಿದವರಿಗೆಲ್ಲ ಗೊತ್ತಿರುತ್ತದೆ.

ವಂಶಾವಳಿ

ಪರೀಕ್ಷೆಗೆ ಇಷ್ಟು ಸಾಕು. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಶುರುಮಾಡಿ ರಿಚರ್ಡ್ ಬಾರ್ಟಲ್ ಮುಂದುವರಿಸಿದ ಮಡ್ ಎಂಬ ಆಟ. ಚಿತ್ರವಿಲ್ಲ, ಬರೀ ಅಕ್ಷರ. 1991ರಲ್ಲಿ ಕೋಪನ್‌ಹೇಗನ್ ವಿದ್ಯಾರ್ಥಿಗಳ ಡೀಕುಮಡ್. ರಾಕ್ಷಸನನ್ನು ಕೊಲ್ಲು, ಲೆವೆಲ್ ಏರು, ಒಳ್ಳೆಯ ಕತ್ತಿ ಗಳಿಸು ಎನ್ನುವ ಚಕ್ರ ಇಲ್ಲಿ ಗಟ್ಟಿಯಾಯಿತು. 1996ರಲ್ಲಿ ಮೆರಿಡಿಯನ್ 59, 1997ರಲ್ಲಿ ಅಲ್ಟಿಮಾ ಆನ್‌ಲೈನ್, 1999ರಲ್ಲಿ ಎವರ್‌ಕ್ವೆಸ್ಟ್, 2004ರ ನವೆಂಬರಿನಲ್ಲಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್.

ನನ್ನ ಕರಡಿನ ಮೊದಲ ತಪ್ಪು ಇಲ್ಲೇ ಇತ್ತು. ಎವರ್‌ಕ್ವೆಸ್ಟ್ ಡೀಕುಮಡ್‌ಗೆ ಎಷ್ಟು ಹತ್ತಿರವಿತ್ತೆಂದರೆ, ಅದರ ಕೋಡ್ ಬಳಸಿಲ್ಲ ಎಂದು ತಯಾರಕರು ಪ್ರಮಾಣಪತ್ರ ಬರೆದುಕೊಡಬೇಕಾಯಿತು. ವಾರ್‌ಕ್ರಾಫ್ಟ್ ಆ ಎವರ್‌ಕ್ವೆಸ್ಟಿನ ದಾರಿಯಲ್ಲೇ ನಡೆದದ್ದು. 2010ರಲ್ಲಿ 1.2 ಕೋಟಿ ಚಂದಾದಾರರನ್ನು ಮುಟ್ಟಿದ ಆಟವೇ ಒಂದು ಸರಪಳಿಯ ಕೊನೆಯ ಕೊಂಡಿ. ಹಾಗಾಗಿ "ಅದರ ನಂತರ ಎಲ್ಲಾ ನಕಲು" ಎನ್ನುವ ವಾಕ್ಯದಿಂದ ಏನೂ ತಿಳಿಯುವುದಿಲ್ಲ. ಕೊಲ್ಲು-ಏರು-ಗಳಿಸು ಚಕ್ರದಲ್ಲಿ ಹೊಸತನ ನಿಂತದ್ದು 2004ರಲ್ಲಲ್ಲ, ಬಹಳ ಮೊದಲೇ.

ಹಾಗಾದರೆ ಹಳೆಯ ಆಟಗಳಲ್ಲಿ ಹೊಸದಾಗಿದ್ದದ್ದು ಏನು

ಜನ. ಒಂದೇ ಜಾಗದಲ್ಲಿ ಅಷ್ಟೊಂದು ಜನ ಇರುವುದರಿಂದಲೇ ನಡೆಯುವ ಸಂಗತಿಗಳು.

ಅಲ್ಟಿಮಾ ಆನ್‌ಲೈನಿನವರು ಕಾಡಿಗೊಂದು ಜೀವಜಾಲ ಕಟ್ಟಿದ್ದರು: ಹುಲ್ಲು ತಿನ್ನುವ ಮೊಲ, ಮೊಲ ತಿನ್ನುವ ತೋಳ. ಬಾಗಿಲು ತೆರೆದದ್ದೇ ತಡ, ಆಟಗಾರರು ಕಂಡ ಪ್ರಾಣಿಯನ್ನೆಲ್ಲ ಕೊಂದು ಮುಗಿಸಿದರು. ಜಾಲ ಕೆಲಸಕ್ಕೇ ಬರಲಿಲ್ಲ, ತೆಗೆದುಹಾಕಿದರು. 2003ರ ಸ್ಟಾರ್ ವಾರ್ಸ್ ಗ್ಯಾಲಕ್ಸೀಸ್‌ನಲ್ಲಿ ನರ್ತಕಿಯಾಗಿಯೋ ವಾದ್ಯಗಾರನಾಗಿಯೋ ಇಡೀ ಆಟ ಆಡಬಹುದಿತ್ತು. ಕಾಳಗದಿಂದ ದಣಿದು ಬಂದವನ ಆಯಾಸ ಇಳಿಯಬೇಕಾದರೆ ಪಾನಗೃಹದಲ್ಲಿ ಇನ್ನೊಬ್ಬ ಮನುಷ್ಯ ಅವನ ಮುಂದೆ ಕುಣಿಯಬೇಕು. ಮೂವತ್ತಕ್ಕೂ ಹೆಚ್ಚು ಕಸುಬುಗಳಿದ್ದವು. 2005ರ ನವೆಂಬರಿನ ಬದಲಾವಣೆಯಲ್ಲಿ ಅವು 9ಕ್ಕಿಳಿದವು. ಈ ಸಂಗತಿ ಓದಿದಾಗ ನನಗೆ ನಿಜಕ್ಕೂ ಸಂಕಟವಾಯಿತು. ಒಬ್ಬರಿಗೊಬ್ಬರು ಬೇಕಾಗುವ ಹಾಗೆ ಕಟ್ಟಿದ್ದನ್ನು ಕೆಡವಿ, ಹೆಚ್ಚಿನವರ ಕೈಗೆ ಆಯುಧ ಕೊಟ್ಟರು.

ಮೇಡಂ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿ ಸಿಕ್ಕಿತು. ಉಳಿದರ್ಧ: ಇಂಥ ಜನರಾಶಿಯ ಪ್ರಯೋಗಗಳು ಯಾಕೆ ಬೆಳೆಯಲಿಲ್ಲ? ಕಂಪ್ಯೂಟರುಗಳು ಇಷ್ಟು ಚುರುಕಾಗಿವೆ, ಹತ್ತು ಸಾವಿರ ಜನ ಒಂದೇ ಬಯಲಿನಲ್ಲಿ ಯಾಕೆ ನಿಲ್ಲಲಾಗುವುದಿಲ್ಲ?

ನಾನು ಎಡವಿದ ಜಾಗ

ಸರ್ವರ್, ಅಂದರೆ ಎಲ್ಲರ ಆಟವನ್ನೂ ನಡೆಸುವ ಕಂಪನಿಯ ಕಂಪ್ಯೂಟರ್, ದಾಸೋಹದ ಹಾಗೆ ಎಂದುಕೊಂಡಿದ್ದೆ. ಗವಿಮಠದ ಜಾತ್ರೆಗೆ ನಮ್ಮ ಅವ್ವ ವರ್ಷಾ ರೊಟ್ಟಿ ಬಡಿದು ಕಳಿಸುತ್ತಾಳೆ, ಸುತ್ತಲಿನ ಹಳ್ಳಿಗಳಿಂದ ಚೀಲಗಟ್ಟಲೆ ಜೋಳದ ರೊಟ್ಟಿ ಬರುತ್ತವೆ. ತಲೆಗೆ ಎರಡು ರೊಟ್ಟಿ ಎಂದರೆ ಸಾವಿರ ಜನಕ್ಕೆ ಎರಡು ಸಾವಿರ, ಎರಡು ಸಾವಿರ ಜನಕ್ಕೆ ನಾಲ್ಕು ಸಾವಿರ. ಜನ ದುಪ್ಪಟ್ಟಾದರೆ ಕೆಲಸವೂ ದುಪ್ಪಟ್ಟು. ಒಲೆ ಹೆಚ್ಚಿಸಿ, ಬಡಿಯುವ ಕೈ ಹೆಚ್ಚಿಸಿ, ಮುಗಿಯಿತು. ಸರ್ವರ್ ಕೂಡ ಹೀಗೇ, ದುಡ್ಡು ಸುರಿದರೆ ಆಯಿತು ಎಂಬುದು ನನ್ನ ತಿಳಿವಳಿಕೆಯಾಗಿತ್ತು.

ತಪ್ಪು. ಆಟದ ಸರ್ವರ್ ಬರೀ ರೊಟ್ಟಿ ಹಂಚುವುದಿಲ್ಲ. ಪ್ರತಿಯೊಬ್ಬರಿಗೂ ಉಳಿದ ಪ್ರತಿಯೊಬ್ಬರೂ ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ ಎಂದು ಹೇಳುತ್ತಲೇ ಇರಬೇಕು. ರೊಟ್ಟಿ ಬಿಟ್ಟು ಮುಖ ಎಣಿಸಿ. 10 ಜನರಿದ್ದರೆ ಒಬ್ಬೊಬ್ಬರಿಗೂ 9 ಮುಖ ತೋರಿಸಬೇಕು: 10 × 9 = 90. 100 ಜನರಿದ್ದರೆ 100 × 99 = 9,900. 200 ಜನರಿದ್ದರೆ 200 × 199 = 39,800. ಜನ ದುಪ್ಪಟ್ಟು, ಕೆಲಸ ನಾಲ್ಕು ಪಟ್ಟು. ಜನ ಹತ್ತು ಪಟ್ಟಾದರೆ ಕೆಲಸ ಹೆಚ್ಚುಕಡಿಮೆ ನೂರು ಪಟ್ಟು.

ಇಲ್ಲಿ ನಾನು ಇನ್ನೊಂದು ಗುಂಡಿಗೆ ಬಿದ್ದೆ. ಪಿಯುಸಿಯಲ್ಲಿ ಕೈಕುಲುಕುವ ಲೆಕ್ಕ ಮಾಡಿದ್ದೆವಲ್ಲ, ಅಲ್ಲಿ ಕೊನೆಗೆ 2ರಿಂದ ಭಾಗಿಸುತ್ತೇವೆ. ನಾನು ನಿನ್ನ ಕೈ ಕುಲುಕಿದರೆ ನೀನು ನನ್ನ ಕೈ ಕುಲುಕಿದ ಹಾಗೇ. ನಾನೂ ಭಾಗಿಸಿಕೊಂಡು ಕೂತಿದ್ದೆ, ಉತ್ತರ ಪುಸ್ತಕದ್ದಕ್ಕೆ ಹೊಂದುತ್ತಲೇ ಇರಲಿಲ್ಲ. ಇಲ್ಲಿ ಭಾಗಿಸಬಾರದು. ನಾನು ಎಲ್ಲಿದ್ದೇನೆಂದು ನಿಮ್ಮ ಫೋನಿಗೆ ಹೋಗುವ ಸುದ್ದಿ ಬೇರೆ, ನೀವು ಎಲ್ಲಿದ್ದೀರೆಂದು ನನ್ನ ಫೋನಿಗೆ ಬರುವ ಸುದ್ದಿ ಬೇರೆ. ಎರಡೂ ತಂತಿಯ ಮೇಲೆ ಬೇರೆ ಬೇರೆಯಾಗಿ ಹರಿಯಬೇಕು.

ಇನ್ನೂ ಅನುಮಾನವಿದ್ದರೆ ಬೈಟ್‌ಗಳಲ್ಲಿ ನೋಡಿ. ಒಂದು ಸುದ್ದಿ 20 ಬೈಟ್, ಸೆಕೆಂಡಿಗೆ 10 ಸಲ ಎಂದು ಇಟ್ಟುಕೊಳ್ಳೋಣ; ಇವು ಲೆಕ್ಕಕ್ಕಾಗಿ ನಾನು ಹಿಡಿದ ಅಂಕಿಗಳು. 100 ಜನರಿದ್ದಾಗ ಒಬ್ಬ ಆಟಗಾರನಿಗೆ ಸೆಕೆಂಡಿಗೆ 99 × 200 = 19,800 ಬೈಟ್, ಸರ್ವರ್ ಒಟ್ಟು ಕಳಿಸಬೇಕಾದದ್ದು 19.8 ಲಕ್ಷ. 1,000 ಜನರಿದ್ದಾಗ ಒಬ್ಬನಿಗೆ 1,99,800 ಬೈಟ್, ಒಟ್ಟು 19.98 ಕೋಟಿ. ಆಟಗಾರರಿಂದ ಸರ್ವರಿಗೆ ಬರುವುದು ಮಾತ್ರ ತಲೆಗೊಂದು ಸುದ್ದಿ. ನನ್ನ ನೆನಪಿಗಾಗಿ ಗೋಡೆಗೆ ಅಂಟಿಸಿದ ಸಾಲು: ಬರುವುದು ರೊಟ್ಟಿ ಲೆಕ್ಕ, ಹೋಗುವುದು ಮುಖದ ಲೆಕ್ಕ.

ಇದನ್ನೇ ತಿರುಗಿಸಿ ಓದಿದಾಗ ಮೇಡಂ ಪ್ರಶ್ನೆಯ ಉಳಿದರ್ಧ ಬಿಡಿಸಿಕೊಂಡಿತು. ಯಂತ್ರ ಮತ್ತು ತಂತಿ ನೂರು ಪಟ್ಟು ಬಲವಾದರೆ, ಒಂದೇ ಬಯಲಿನಲ್ಲಿ ನಿಲ್ಲಬಹುದಾದ ಜನ ಹತ್ತು ಪಟ್ಟು ಮಾತ್ರ ಹೆಚ್ಚುತ್ತಾರೆ. ಆ ಬಲದಲ್ಲೂ ಒಂದು ಪಾಲನ್ನು ಹೆಚ್ಚು ಕರಾರುವಾಕ್ಕಾದ ಕಾಳಗ, ಹೆಚ್ಚು ಚುರುಕಾದ ಚಲನೆ ತಿಂದುಬಿಡುತ್ತವೆ.

"ಹತ್ತಿರದವರ ಮುಖ ಮಾತ್ರ ತೋರಿಸಿದರಾಯಿತಲ್ಲ?" ಎಂದು ಕೇಳುತ್ತೀರಿ. ಹೆಚ್ಚಿನ ಆಟಗಳು ಮಾಡುವುದು ಅದನ್ನೇ. ಬಯಲನ್ನು ಚೌಕಗಳಾಗಿ ಕತ್ತರಿಸಿ, ನಿಮ್ಮ ಚೌಕದವರ ಸುದ್ದಿ ಮಾತ್ರ ನಿಮಗೆ. 1,000 ಜನ 100 ಚೌಕಗಳಲ್ಲಿ ತಲಾ 10ರಂತೆ ಚದುರಿದ್ದರೆ ಚೌಕಕ್ಕೆ 90, ಒಟ್ಟು 9,000. ಕತ್ತರಿಸದೆ ಇದ್ದರೆ 9,99,000. ಅದ್ಭುತ ಉಳಿತಾಯ. ಆದರೆ ಜನ ಚದುರಿ ನಿಲ್ಲುವುದಿಲ್ಲ. ಜಾತ್ರೆಯಲ್ಲಿ ರಥ ಹೊರಟ ಗಳಿಗೆ ನೆನಪಿಸಿಕೊಳ್ಳಿ: ಅಷ್ಟೊತ್ತು ಅಂಗಡಿ, ಗುಡ್ಡ, ಕೆರೆ ದಂಡೆ ಅಂತ ಹರಡಿಕೊಂಡಿದ್ದವರೆಲ್ಲ ಉತ್ತತ್ತಿ ಎಸೆಯಲು ಒಂದೇ ಕಡೆ ನುಗ್ಗುತ್ತಾರೆ. ಆಗ ಜೇಬಿನ ಫೋನ್ ಕೂಡ ಹತ್ತುವುದಿಲ್ಲ. ಆಟದಲ್ಲೂ ಹಾಗೆಯೇ, ದೊಡ್ಡ ಬಾಸ್ (ಹಲವರು ಕೂಡಿ ಕೊಲ್ಲಬೇಕಾದ ರಾಕ್ಷಸ) ಬಂದಾಗ, ಕೋಟೆಗೆ ಮುತ್ತಿಗೆ ಬಿದ್ದಾಗ ಎಲ್ಲರೂ ಒಂದೇ ಚೌಕಕ್ಕೆ ಬರುತ್ತಾರೆ, ಲೆಕ್ಕ ಮತ್ತೆ 9,99,000. ಯಾವ ಗಳಿಗೆಗಾಗಿ ಸಾವಿರ ಜನ ಬೇಕಾಗಿತ್ತೋ ಆ ಗಳಿಗೆಯಲ್ಲೇ ಈ ಉಪಾಯ ಕೈಕೊಡುತ್ತದೆ.

ಶಾರ್ಡ್, ಇನ್‌ಸ್ಟನ್ಸ್, ಫೇಸ್: ಮೂರೂ ಒಂದೇ ಅಲ್ಲ

ಶಾರ್ಡ್ ಎಂದರೆ ಇಡೀ ಲೋಕದ ಇನ್ನೊಂದು ಪ್ರತಿ. ಹೆಸರು ಅಲ್ಟಿಮಾ ಆನ್‌ಲೈನಿನದು. ಒಂದು ಮಂತ್ರಮಣಿ ಒಡೆದು, ಪ್ರತಿ ಚೂರಿನಲ್ಲೂ ಲೋಕದ ಒಂದೊಂದು ಪ್ರತಿಬಿಂಬ ಉಳಿಯಿತು ಎಂಬ ಕಥೆ ಹೆಣೆದಿದ್ದರು. ಇನ್‌ಸ್ಟನ್ಸ್ ಎಂದರೆ ಲೋಕದ ಒಂದು ಗುಹೆಯನ್ನು ನಿಮ್ಮ ಗುಂಪಿಗೆ ಮಾತ್ರ ಪ್ರತಿಮಾಡಿ ಕೊಡುವುದು. ಫೇಸ್ ನನ್ನನ್ನು ಬಹಳ ಗೊಂದಲಕ್ಕೆ ಕೆಡವಿತು. ವಾರ್‌ಕ್ರಾಫ್ಟ್ 2008ರಿಂದ ಹೆಚ್ಚಾಗಿ ಬಳಸಿದ ತಂತ್ರ: ಜಾಗ ಅದೇ, ಆದರೆ ಕಥೆಯಲ್ಲಿ ನೀವು ಎಲ್ಲಿಗೆ ಮುಟ್ಟಿದ್ದೀರಿ ಎಂಬುದರ ಮೇಲೆ ನಿಮಗೆ ಕಾಣುವ ಊರು ಬೇರೆ. ನಿಮ್ಮ ಗೆಳೆಯ ಅದೇ ಕಲ್ಲಿನ ಮೇಲೆ ನಿಂತಿದ್ದರೂ ನಿಮಗೆ ಕಾಣದಿರಬಹುದು.

2009ರ ಡಿಸೆಂಬರಿನಲ್ಲಿ ಅದೇ ಆಟಕ್ಕೆ ಡಂಜನ್ ಫೈಂಡರ್, ಅಂದರೆ ಡಂಜನ್ ಎಂಬ ಗುಹೆ ಕಾಳಗಕ್ಕೆ ಗುಂಪು ಹುಡುಕಿಕೊಡುವ ಸಾಧನ, ಬಂತು. ಅಲ್ಲಿಯವರೆಗೆ ಊರಿನಲ್ಲಿ ನಿಂತು ವೈದ್ಯ ಬೇಕು, ಗುರಾಣಿಯವ ಬೇಕು ಎಂದು ಕೂಗಿ ಗುಂಪು ಕಟ್ಟಬೇಕಿತ್ತು. ಈಗ ಒಂದು ಗುಂಡಿ ಒತ್ತಿದರೆ ಬೇರೆ ಬೇರೆ ಸರ್ವರಿನ ಅಪರಿಚಿತರು ಬಂದು ಸೇರುತ್ತಾರೆ, ಮುಗಿದ ಮೇಲೆ ಮತ್ತೆ ಸಿಗುವುದು ಅಪರೂಪ. ಫೈನಲ್ ಫ್ಯಾಂಟಸಿ 14ರಲ್ಲಿ 2019ರಿಂದ ಕೆಲವು ಡಂಜನ್‌ಗಳನ್ನು ಕಂಪ್ಯೂಟರ್ ಪಾತ್ರಗಳ ಜೊತೆಗೇ ಆಡಬಹುದು. ವಾರ್‌ಕ್ರಾಫ್ಟಿಗೂ 2024ರಲ್ಲಿ ಅಂಥದ್ದು ಬಂತು.

ಇವೆಲ್ಲ ಹೊಸತನವೇ, ಜಾಣತನದ ಹೊಸತನ. ಕೆಲಸ ಮುಗಿಸಿ ರಾತ್ರಿ ಅರ್ಧ ಗಂಟೆ ಆಡುವವರಿಗೆ ಇದರಿಂದ ದೊಡ್ಡ ಉಪಕಾರವಾಗಿದೆ. ಆದರೆ ಒಂದೊಂದೂ ಗುಂಪನ್ನು ಇನ್ನಷ್ಟು ಸಣ್ಣದಾಗಿ ಕತ್ತರಿಸುವ ಹೊಸತನ. ಹೊಸತನ ನಿಂತಿಲ್ಲ, ಮುಖ ತಿರುಗಿಸಿದೆ: ಜನರನ್ನು ಕೂಡಿಸುವುದರಿಂದ ಒಂಟಿಯಾಗಿ ಆಡುವವನ ಅನುಕೂಲದ ಕಡೆಗೆ. ನನ್ನ ಸೆಮಿನಾರಿನ ವಾದ ಇದು, ಇದಕ್ಕೆ ನಾನು ನಿಲ್ಲುತ್ತೇನೆ.

ಬೇರೆ ದಾರಿ ಹಿಡಿದವರು

ಈವ್ ಆನ್‌ಲೈನ್, 2003. ತಾರಾಮಂಡಲದ ಕಾಳಗದ ಆಟ. ಜಗತ್ತಿನ ಬಹುಪಾಲು ಆಟಗಾರರಿಗೆ ಒಂದೇ ಲೋಕ. ಮುಖದ ಲೆಕ್ಕ ಅವರಿಗೂ ತಪ್ಪಲಿಲ್ಲ. ಅವರು ಜನರನ್ನು ಕತ್ತರಿಸದೆ ಹೊತ್ತನ್ನೇ ಹಿಗ್ಗಿಸಿದರು. ಸರ್ವರ್ ತಡೆಯದಷ್ಟು ಜನ ಸೇರಿದರೆ ಆ ಜಾಗದಲ್ಲಿ ಕಾಲವೇ ನಿಧಾನವಾಗುತ್ತದೆ, ಸಾಮಾನ್ಯ ವೇಗದ 10ನೇ ಒಂದು ಭಾಗದವರೆಗೆ. 2014ರ ಜನವರಿಯಲ್ಲಿ ಒಂದು ಪ್ರದೇಶದ ಒಡೆತನದ ಶುಲ್ಕ ಕಟ್ಟುವುದು ತಪ್ಪಿಹೋಗಿ ಶುರುವಾದ ಯುದ್ಧ ಸುಮಾರು 21 ಗಂಟೆ ನಡೆದು, 7 ಸಾವಿರಕ್ಕೂ ಹೆಚ್ಚು ಆಟಗಾರರನ್ನು ಎಳೆದುಕೊಂಡು, ಟೈಟನ್ ಎಂಬ 75 ದೈತ್ಯ ಹಡಗುಗಳನ್ನು ಸುಟ್ಟಿತು. ಗಣಿತವನ್ನು ಸೋಲಿಸಲಾಗದಿದ್ದಾಗ ಗಡಿಯಾರದ ಜೊತೆ ರಾಜಿ ಮಾಡಿಕೊಂಡರು. ನಾನು ಓದಿದ್ದರಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟ ಉಪಾಯ ಇದು.

ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ಎಂಬ ಇನ್ನೊಂದು ಆಟದ ಸರ್ವರ್ 0.6 ಸೆಕೆಂಡಿಗೆ ಒಂದು ಸಲ ಮಾತ್ರ ಯೋಚಿಸುತ್ತದೆ. ಸೆಕೆಂಡಿಗೆ 10 ಸಲ ಎಂದು ಮೇಲೆ ಹಿಡಿದ ಅಂಕಿ ಇಲ್ಲಿ ಎರಡಕ್ಕಿಂತಲೂ ಕಡಿಮೆ. ನೆಟ್ ಕುಂಟುವ ನಮ್ಮ ಓಣಿಯಲ್ಲೂ ಆ ಆಟ ಸರಾಗವಾಗಿ ನಡೆಯುವ ಗುಟ್ಟು ಇದೇ. 2013ರಲ್ಲಿ ಶುರುವಾದಾಗಿನಿಂದ, ಹೊಸದೇನಾದರೂ ಸೇರಿಸಬೇಕೆಂದರೆ ಆಟಗಾರರ ಮತ ಕೇಳುತ್ತಾರೆ. ಬಹುಮತ ಸಾಲದು, ಅದಕ್ಕಿಂತ ಹೆಚ್ಚಿನ ಪಾಲು ಬೇಕು. ಹೊಸತನಕ್ಕೆ ಆಟಗಾರರೇ ಬಾಗಿಲು ಕಾಯುವ ವ್ಯವಸ್ಥೆ. ಇದನ್ನು ಹೊಸತನದ ಪಟ್ಟಿಗೆ ಸೇರಿಸಬೇಕೋ ಅಡ್ಡಿಯ ಪಟ್ಟಿಗೆ ಸೇರಿಸಬೇಕೋ, ವೈವಾದಲ್ಲಿ ಕೇಳಿದರೆ ಎರಡನ್ನೂ ಹೇಳಿ.

ಜನರಾಶಿಯಿಂದ ಏನು ಹುಟ್ಟುತ್ತದೆ ಎನ್ನುವುದಕ್ಕೆ ಒಂದೇ ಉದಾಹರಣೆ ಬರೆಯಬೇಕೆಂದರೆ 2005ರ ಸೆಪ್ಟೆಂಬರಿನ "ಕೆಟ್ಟ ರಕ್ತ"ದ (ಕರಪ್ಟೆಡ್ ಬ್ಲಡ್) ಘಟನೆ ಬರೆಯಿರಿ. ವಾರ್‌ಕ್ರಾಫ್ಟಿನ ಒಂದು ಬಾಸ್ ಅಂಟುರೋಗ ಹಚ್ಚುತ್ತಿದ್ದ. ಅದು ಆ ಕಾಳಗದ ಒಳಗೇ ಮುಗಿಯಬೇಕಿತ್ತು. ಬೇಟೆಗಾರರ ಸಾಕುಪ್ರಾಣಿಗಳ ಮೈಮೇಲೆ ಅದು ಪಟ್ಟಣಗಳಿಗೆ ಬಂತು, ಎಳೆಯ ಲೆವೆಲ್‌ನವರು ಬೀದಿಯಲ್ಲಿ ಸತ್ತು ಬಿದ್ದರು. ಕೆಲವರು ಊರು ಬಿಟ್ಟು ಓಡಿದರು, ಕೆಲವರು ರೋಗಿಗಳನ್ನು ಉಳಿಸಲು ನಿಂತರು, ಕೆಲವರು ಬೇಕೆಂದೇ ಹರಡಿದರು. 2007ರಲ್ಲಿ ಎರಿಕ್ ಲಾಫ್‌ಗ್ರೆನ್ ಮತ್ತು ನೀನಾ ಫೆಫರ್‌ಮನ್ ಇದನ್ನು ಸಾಂಕ್ರಾಮಿಕ ರೋಗಗಳ ಅಧ್ಯಯನಕ್ಕೆ ಮಾದರಿಯಾಗಿ ಲ್ಯಾನ್ಸೆಟ್ ಬಳಗದ ಪತ್ರಿಕೆಯಲ್ಲಿ ಬರೆದರು. ಇದನ್ನು ಯಾವ ವಿನ್ಯಾಸಕನೂ ಯೋಜಿಸಿರಲಿಲ್ಲ. ಪಟ್ಟಣದ ಬೀದಿಯಲ್ಲಿ ಜನ ಒಟ್ಟಿಗೆ ನಿಂತಿದ್ದರು, ಅಷ್ಟೇ.

ಮಾಡಿ ನೋಡಿ

1,000 ಜನ. ಅವರಲ್ಲಿ 600 ಮಂದಿ ರಥದ ಚೌಕದಲ್ಲಿ, ಉಳಿದ 400 ಮಂದಿ 40 ಚೌಕಗಳಲ್ಲಿ ತಲಾ 10. ಒಟ್ಟು ಎಷ್ಟು ಮುಖ? ನನ್ನ ಉತ್ತರ: ರಥದ ಚೌಕ 600 × 599 = 3,59,400; ಉಳಿದವು 40 × 90 = 3,600; ಒಟ್ಟು 3,63,000. ನಿಮಗೆ 1,81,500 ಬಂದಿದ್ದರೆ ಎಲ್ಲೋ 2ರಿಂದ ಭಾಗಿಸಿದ್ದೀರಿ. ಸರಿಯಾಗಿ ಬಂದಿದ್ದರೆ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ: ನಾನೂರು ಜನರ ನಲವತ್ತು ಚೌಕಗಳ ಕೆಲಸ ಪೂರ್ತಿ ಸೇರಿದರೂ ರಥದ ಮುಂದಿನ ಒಂದು ಚೌಕದ ನೂರರಲ್ಲೊಂದು ಪಾಲು.