ಹೀಟರ್‌ಗೆ ರಿಲೇ ಆರಿಸುವುದು: ಆಂಪಿಯರ್ ನೋಡುವ ಮೊದಲು ‘ಟಕ್’ ಎಣಿಸಿ

ಥರ್ಮೋಸ್ಟಾಟ್ ಹೇಳಿದಂತೆ ಹೀಟರ್‌ನ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್ಚೇ ರಿಲೇ: ಅದರೊಳಗಿನ ಸಣ್ಣ ಕಾಯಿಲ್ ಆಯಸ್ಕಾಂತವಾಗಿ ಎಳೆದು ಲೋಹದ ತುದಿಗಳನ್ನು ಕೂಡಿಸುತ್ತದೆ, ಕರೆಂಟು ನಿಂತರೆ ಬಿಡುತ್ತದೆ. ಲೆಕ್ಕಕ್ಕೆ ನಮ್ಮ ಊರಿನದ್ದೇ ಯಂತ್ರ ಇಟ್ಟುಕೊಳ್ಳೋಣ. ಆಟಿ ತಿಂಗಳ ಮಳೆಯಲ್ಲಿ ಕೊಬ್ಬರಿ ಒಣಗಿಸಲು ಮನೆಯ ಹಿಂಬದಿ ಕೋಣೆಯಲ್ಲಿಟ್ಟ ತಗಡಿನ ಡ್ರೈಯರ್: 2 ಕಿಲೋವಾಟ್ ಹೀಟರ್ ಕಾಯಿಲ್, ಒಂದು ಫ್ಯಾನ್, 60 ಡಿಗ್ರಿಯ ಥರ್ಮೋಸ್ಟಾಟ್. ರಾತ್ರಿಯಿಡೀ ಓಡಬೇಕು, ಪಕ್ಕದ ಕೋಣೆಯಲ್ಲಿ ಮಲಗಿದವರ ನಿದ್ದೆಯೂ ಕೆಡಬಾರದು.

2000 ವಾಟನ್ನು 230ರಿಂದ ಭಾಗಿಸಿದರೆ 8.7 ಆಂಪಿಯರ್. ವೋಲ್ಟೇಜ್ 253ಕ್ಕೆ ಏರಿದರೆ ಅದೇ ಕಾಯಿಲ್ 9.6 ಆಂಪಿಯರ್ ಎಳೆಯುತ್ತದೆ, 2420 ವಾಟ್ ಕೊಡುತ್ತದೆ. ‘10ಎ 250ವಿ’ ಎಂದು ಬರೆದ ಚಿಕ್ಕ ನೀಲಿ ರಿಲೇಗೆ ಇಲ್ಲಿ ಉಸಿರಾಡಲೂ ಜಾಗವಿಲ್ಲ. ಅದರ ಮೇಲೆ ಪೆಟ್ಟಿಗೆಯೊಳಗಿನ ಬಿಸಿ ಬೇರೆ. 30 ಆಂಪಿಯರ್‌ನ ಟಿ-90 ಮಾದರಿಯದ್ದನ್ನೇ ತನ್ನಿ. ಬೆಲೆಯ ವ್ಯತ್ಯಾಸ ಒಂದು ಚಹಾ-ಬನ್ಸ್‌ನಷ್ಟು.

ಆಂಪಿಯರ್ ಸರಿಹೋದರೂ ರಿಲೇ ಯಾಕೆ ಸಾಯುತ್ತದೆ? ಡೇಟಾಶೀಟ್‌ನಲ್ಲಿ (ತಯಾರಕರ ವಿವರಪಟ್ಟಿ) ಎರಡು ಆಯುಷ್ಯ ಇರುತ್ತದೆ. ಲೋಡ್ ಇಲ್ಲದೆ ಬರೀ ಬಡಿದರೆ ಸಾಮಾನ್ಯವಾಗಿ 1 ಕೋಟಿ ಸಲ. ಪೂರ್ತಿ ಲೋಡ್‌ನಲ್ಲಿ ಸುಮಾರು 1 ಲಕ್ಷ ಸಲ ಮಾತ್ರ, ಏಕೆಂದರೆ ಪ್ರತಿ ಸಲ ಬಿಡುವಾಗಲೂ ಏಳುವ ಕಿಡಿ ಬೆಳ್ಳಿಮಿಶ್ರಲೋಹದ ತುದಿಯನ್ನು ಚೂರುಚೂರೇ ತಿನ್ನುತ್ತದೆ. ಥರ್ಮೋಸ್ಟಾಟ್‌ನ ಅಂತರವನ್ನು ಅರ್ಧ ಡಿಗ್ರಿಗೆ ಇಟ್ಟು 30 ಸೆಕೆಂಡಿಗೊಮ್ಮೆ ಆನ್ ಆಗುತ್ತಿದ್ದರೆ ದಿನಕ್ಕೆ 2880. ಲಕ್ಷ ಮುಗಿಯಲು 35 ದಿನ ಸಾಕು. 58ಕ್ಕೆ ಆನ್, 62ಕ್ಕೆ ಆಫ್ ಎಂದು ಅಂತರ ಹಿಗ್ಗಿಸಿ, ಸುತ್ತು 5 ನಿಮಿಷದ್ದಾದರೆ ದಿನಕ್ಕೆ 288. ಅದೇ ರಿಲೇ 347 ದಿನ ಓಡುತ್ತದೆ, ಅಂದರೆ ಮೂರು ಮಳೆಗಾಲ. ಕೊಬ್ಬರಿಗೆ ಈ ನಾಲ್ಕು ಡಿಗ್ರಿ ಗೊತ್ತೇ ಆಗುವುದಿಲ್ಲ. ಸದ್ದೂ ಹತ್ತರಲ್ಲೊಂದು ಪಾಲಾಗುತ್ತದೆ, ಒಂದು ಪೈಸೆ ಖರ್ಚಿಲ್ಲದೆ.

ಇನ್ನು ಸದ್ದಿನ ವಿಷಯ. ಕಿವಿಗೊಟ್ಟು ಕೇಳಿ, ಮೂರು ಬಗೆ ಇದೆ.

‘ಟಕ್’ ಎನ್ನುವುದು ಆರ್ಮೇಚರ್, ಅಂದರೆ ರಿಲೇಯ ಕಾಯಿಲ್ ಎಳೆದುಕೊಳ್ಳುವ ಕಬ್ಬಿಣದ ತುಂಡು, ಬಡಿಯುವ ಸದ್ದು. ಅದನ್ನು ದೊಡ್ಡದು ಮಾಡುವುದು ತಗಡು. ಬೋರ್ಡನ್ನು ಡ್ರೈಯರ್ ಮೈಗೇ ಸ್ಕ್ರೂ ಮಾಡಿದರೆ ಇಡೀ ಪೆಟ್ಟಿಗೆ ಚೆಂಡೆಯಾಗುತ್ತದೆ. ಬೇರೆ ಪ್ಲಾಸ್ಟಿಕ್ ಬಾಕ್ಸ್‌ನಲ್ಲಿ, ರಬ್ಬರ್ ವಾಷರ್ ಕೊಟ್ಟು, ಗೋಡೆಗೆ ಹಾಕಿ.

‘ಗುಂಯ್’ ಎನ್ನುವುದು ಎಸಿ ಕಾಯಿಲ್‌ನ ಕಾಂಟ್ಯಾಕ್ಟರ್ (ದೊಡ್ಡ ಕರೆಂಟಿನ ದೊಡ್ಡ ರಿಲೇ). ಕಬ್ಬಿಣದ ಮುಖಗಳ ನಡುವೆ ತುಕ್ಕೋ ಧೂಳೋ ಕುಳಿತು ಅವು ಪೂರ್ತಿ ಕೂಡದಿದ್ದಾಗ ಹೆಚ್ಚುತ್ತದೆ. ನಮ್ಮ ಉಪ್ಪುಗಾಳಿಯಲ್ಲಿ ಇದು ಮಾಮೂಲು. ಡಿಸಿ ಕಾಯಿಲ್‌ನದ್ದನ್ನು ಹಾಕಿದರೆ ತೊಂದರೆಯೇ ಇಲ್ಲ.

ಮೂರನೆಯ ‘ಟರ್ರ್’ ಅಪಾಯದ್ದು. 12 ವೋಲ್ಟ್ ರಿಲೇಗೆ ಎಳೆದುಕೊಳ್ಳಲು ಸುಮಾರು ಶೇ 75, ಅಂದರೆ 9 ವೋಲ್ಟ್ ಬೇಕು. ರಿಲೇಯ ಕಾಯಿಲ್ 40 ಡಿಗ್ರಿ ಹೆಚ್ಚು ಬಿಸಿಯಾದರೆ ತಾಮ್ರದ ಪ್ರತಿರೋಧ ಶೇ 16ರಷ್ಟು ಏರಿ, ಅದು 10.4 ವೋಲ್ಟ್ ಕೇಳುತ್ತದೆ. ಹಳೆಯ ಟ್ರಾನ್ಸ್‌ಫಾರ್ಮರ್ ಸಪ್ಲೈ ಆದರೆ, ಸಂಜೆ ಕರೆಂಟು 180ಕ್ಕೆ ಇಳಿದಾಗ 12ರ ಜಾಗದಲ್ಲಿ 9.4 ಮಾತ್ರ ಸಿಗುತ್ತದೆ. ರಿಲೇ ಎಳೆಯುತ್ತದೆ, ಹೀಟರ್ ಕಾಯಿಲ್ ಹತ್ತಿದ ಕೂಡಲೇ ವೋಲ್ಟೇಜ್ ಇನ್ನಷ್ಟು ಕುಸಿದು ರಿಲೇ ಬಿಟ್ಟುಬಿಡಬಹುದು, ಮತ್ತೆ ಎಳೆಯುತ್ತದೆ. ಒಂದು ನಿಮಿಷ ಹೀಗೆ ಬಡಿದರೂ ತುದಿಗಳು ಬೆಸೆದು ಕಚ್ಚಿ ಹಿಡಿಯಬಹುದು. 90ರಿಂದ 264 ವೋಲ್ಟ್‌ವರೆಗೆ ತಡೆಯುವ ಎಸ್‌ಎಂಪಿಎಸ್ (ಒಳಬರುವ ವೋಲ್ಟೇಜ್ ಏರಿಳಿದರೂ ಸ್ಥಿರ ಡಿಸಿ ಕೊಡುವ ಸಪ್ಲೈ) ಹಾಕಿದರೆ ಈ ರೋಗ ಹೋಯಿತು.

ಪೂರ್ತಿ ಮೌನ ಬೇಕೆಂದರೆ ಎಸ್‌ಎಸ್‌ಆರ್ (ಸಾಲಿಡ್ ಸ್ಟೇಟ್ ರಿಲೇ), ಚಲಿಸುವ ಭಾಗವೇ ಇಲ್ಲದ ಎಲೆಕ್ಟ್ರಾನಿಕ್ ಸ್ವಿಚ್. ಎಸಿ ವೋಲ್ಟೇಜ್ ಸೊನ್ನೆ ದಾಟುವಾಗಲೇ ಆನ್ ಆಗುವ ಝೀರೋ ಕ್ರಾಸಿಂಗ್‌ನದ್ದನ್ನೇ ಆರಿಸಿ. ಹೀಟರ್‌ಗೆ ಅದೇ ಸರಿ, ರೇಡಿಯೋದಲ್ಲಿ ಕರಕರವೂ ಬರುವುದಿಲ್ಲ. 2 ಸೆಕೆಂಡಿನ ಸುತ್ತಿನಲ್ಲಿ ಆನ್-ಆಫ್ ಮಾಡುವ ಪಿಐಡಿ ಕಂಟ್ರೋಲರ್ (ಬಿಸಿ ನೋಡುತ್ತಾ ಹೀಟರನ್ನು ಹದಗೊಳಿಸುವ ಸಾಧನ) ಇದ್ದರೆ ಬೇರೆ ದಾರಿಯೂ ಇಲ್ಲ. ಆ ವೇಗಕ್ಕೆ ಮಾಮೂಲಿ ರಿಲೇ ಮೂರು ದಿನದೊಳಗೆ ಲಕ್ಷ ಮುಗಿಸುತ್ತದೆ. ಆದರೆ ಎಸ್‌ಎಸ್‌ಆರ್‌ನ ಒಳಗೆ ಸುಮಾರು 1.2 ವೋಲ್ಟ್ ಉಳಿದುಬಿಡುತ್ತದೆ, 8.7 ಆಂಪಿಯರ್‌ಗೆ 10 ವಾಟ್ ಮೀರಿದ ಬಿಸಿ. ಸುತ್ತಲಿನ ಗಾಳಿ 50 ಡಿಗ್ರಿ, ತಳ 80 ದಾಟಬಾರದು ಎಂದರೆ ವಾಟ್‌ಗೆ 2.8 ಡಿಗ್ರಿಗಿಂತ ಕಡಿಮೆ ಏರುವ ಹೀಟ್‌ಸಿಂಕ್ (ಬಿಸಿಯನ್ನು ಗಾಳಿಗೆ ಬಿಡುವ ರೆಕ್ಕೆಯ ಲೋಹ) ಬೇಕು. ರೆಕ್ಕೆಗಳು ಲಂಬವಾಗಿರಲಿ, ನಡುವೆ ಪೇಸ್ಟ್ ಇರಲಿ, ಡ್ರೈಯರ್‌ನ ಬಿಸಿ ಗೋಡೆಗಂತೂ ಬೇಡ. ಮೇಲೆ 25 ಆಂಪಿಯರ್ ಎಂದು ಬರೆದಿರುವುದು ಹೀಟ್‌ಸಿಂಕ್ ಇದ್ದರೆ ಮಾತ್ರ ನಿಜ. ಈ ಲೋಡ್‌ಗೆ 40ರದ್ದು ಒಳ್ಳೆಯದು.

ಎಸ್‌ಎಸ್‌ಆರ್ ಸತ್ತಾಗ ಬಹುಪಾಲು ಆನ್ ಆಗಿಯೇ ಸಾಯುತ್ತದೆ. ಕಚ್ಚಿಕೊಂಡ ರಿಲೇಯೂ ಹಾಗೆಯೇ. ಥರ್ಮೋಸ್ಟಾಟ್ ‘ಸಾಕು’ ಎನ್ನುತ್ತಿರುತ್ತದೆ, ಕಾಯಿಲ್ ಉರಿಯುತ್ತಲೇ ಇರುತ್ತದೆ, ಕೊಬ್ಬರಿಯಲ್ಲಿ ಎಣ್ಣೆ ಇದೆ. ಹಾಗಾಗಿ 90 ಡಿಗ್ರಿಗೆ ಕಡಿದುಬೀಳುವ, ಕೈಯಿಂದ ಒತ್ತಿಯೇ ರೀಸೆಟ್ ಮಾಡಬೇಕಾದ ಥರ್ಮಲ್ ಕಟೌಟ್ ಕಡ್ಡಾಯ. ಅದನ್ನು ಬೇರೊಂದು ಕಾಂಟ್ಯಾಕ್ಟರ್‌ನ ಕಾಯಿಲ್ ದಾರಿಯಲ್ಲಿ ಕೊಡಿ. ಆ ಕಾಂಟ್ಯಾಕ್ಟರ್ ರಾತ್ರಿಗೆ ಒಂದೇ ಸಲ ಎಳೆಯುವುದರಿಂದ ಮತ್ತೆ ಮತ್ತೆ ‘ಟಕ್’ ಇಲ್ಲ, ಸವೆತವೂ ಇಲ್ಲ. ಜೊತೆಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ನೆಲಕ್ಕೆ ಸೋರಿದರೆ ಕಡಿಯುವ ಸ್ವಿಚ್). ಎಸ್‌ಎಸ್‌ಆರ್ ಆಫ್ ಇದ್ದಾಗಲೂ ಸ್ವಲ್ಪ ಕರೆಂಟು ಸೋರುತ್ತದೆ, ಆಫ್ ಇದೆ ಎಂದು ನಂಬಿ ಹೀಟರ್ ಕಾಯಿಲ್ ಮುಟ್ಟಬೇಡಿ. ಟೆಸ್ಟ್ ಮಾಡುವಾಗಲೂ ಇದೇ ಮೋಸ: ಲೋಡ್ ಇಲ್ಲದೆ ಮೀಟರ್ ಹಿಡಿದರೆ ಆಫ್‌ನಲ್ಲೂ 230ರ ಹತ್ತಿರ ತೋರಿಸುತ್ತದೆ. 60 ವಾಟ್‌ನ ಹಳೆಯ ಬಲ್ಬ್ ಸಿಕ್ಕಿಸಿ ನೋಡಿ.

ಫ್ಯಾನ್‌ಗೆ ಬೇರೆಯೇ ರಿಲೇ ಇರಲಿ. ಕೋಳಿಮರಿಗಳನ್ನು ಬೆಚ್ಚಗಿಡುವ ಬ್ರೂಡರ್‌ನಲ್ಲಿ ಟಂಗ್‌ಸ್ಟನ್ ಬಲ್ಬ್ ಇದ್ದರೆ ಲೆಕ್ಕವೇ ಬೇರೆ: ತಣ್ಣಗಿದ್ದಾಗ ಅದು ಹತ್ತು ಪಟ್ಟಿಗೂ ಹೆಚ್ಚು ಕರೆಂಟು ಎಳೆಯುತ್ತದೆ. ಹೀಟರ್‌ನ ನೈಕ್ರೋಮ್ ಕಾಯಿಲ್‌ಗೆ ಆ ಚಾಳಿ ಇಲ್ಲ.

ಮುಚ್ಚಿದ ರಿಲೇಯೋ ತೆರೆದದ್ದೋ? ಕರಾವಳಿಯಲ್ಲಿ ಮುಚ್ಚಿದ್ದೇ ಸೈ. ತೆರೆದಿದ್ದರೆ ಇರುವೆ ಹೊಕ್ಕು ತುದಿಗಳ ನಡುವೆ ಸುಟ್ಟು ಕರಿಯಾಗುತ್ತದೆ. ದೊಡ್ಡ ಕರೆಂಟಿಗೆ ಮುಚ್ಚಳದ ಸಣ್ಣ ತುದಿ ಮುರಿದು ಗಾಳಿ ಬಿಡಿ ಎಂದು ಕೆಲವು ಡೇಟಾಶೀಟ್ ಹೇಳುತ್ತವೆ, ಕಿಡಿಯಿಂದ ಹುಟ್ಟುವ ಆಮ್ಲದ ಹೊಗೆ ಒಳಗೇ ಉಳಿಯದಿರಲಿ ಎಂದು. ಹಾಗೆ ಮುರಿದರೆ ಹೊರಗಿನ ಬಾಕ್ಸನ್ನು ಭದ್ರವಾಗಿ ಮುಚ್ಚಿ.

ಟರ್ಮಿನಲ್‌ಗೆ 2.5 ಚದರ ಮಿ.ಮೀ. ತಾಮ್ರದ ವೈರ್, ಕ್ರಿಂಪ್ ಮಾಡಿದ ಲಗ್. ವೈರ್ ತುದಿಗೆ ಬೆಸುಗೆಯ ಸೀಸ ಹಾಕಿ ಸ್ಕ್ರೂ ಬಿಗಿದರೆ ಕಾಲಕ್ರಮೇಣ ಸೀಸ ಹಿಸುಕಿಕೊಂಡು ಸಡಿಲವಾಗುತ್ತದೆ.

ಮಳೆಗಾಲಕ್ಕೆ ಮುಂಚೆ ಒಂದು ಪರೀಕ್ಷೆ: ಪೂರ್ತಿ ಲೋಡ್ ಓಡುವಾಗ ರಿಲೇಯ ಎರಡು ಕಾಂಟ್ಯಾಕ್ಟ್ ಟರ್ಮಿನಲ್‌ಗಳ ನಡುವೆ ಎಸಿ ವೋಲ್ಟೇಜ್ ಅಳೆಯಿರಿ. ರಿಲೇ ಬಿಟ್ಟ ಕ್ಷಣ ಅಲ್ಲೇ ಪೂರ್ತಿ 230 ಬರುವುದರಿಂದ ಮೀಟರ್ 750 ವೋಲ್ಟ್ ತಡೆಯುವಂಥದ್ದಿರಲಿ, ಬೆರಳು ಪ್ರೋಬ್‌ನ ಹಿಂದಿರಲಿ. 10 ಮಿಲಿ ಓಮ್‌ನ ಒಳ್ಳೆಯ ಕಾಂಟ್ಯಾಕ್ಟ್ 87 ಮಿಲಿವೋಲ್ಟ್ ತೋರಿಸಿ 0.8 ವಾಟ್ ತಿನ್ನುತ್ತದೆ. 100 ಮಿಲಿ ಓಮ್‌ಗೆ ಹೋದದ್ದು 870 ತೋರಿಸುತ್ತದೆ, 7.6 ವಾಟ್ ಅಲ್ಲೇ ಸುಡುತ್ತದೆ. ಪ್ಲಾಸ್ಟಿಕ್ ಕಂದಾಗುವುದು ಅದರಿಂದಲೇ. 300 ಮಿಲಿವೋಲ್ಟ್ ದಾಟಿದ ರಿಲೇಯನ್ನು ಉಜ್ಜುಕಾಗದ ತಿಕ್ಕಿ ಉಳಿಸಲು ಹೋಗದೆ ಬದಲಿಸಿ.